ಹಗೇವಿಗೆ ಇಳಿಬಿಟ್ಟ ಟಾರ್ಚು

ಭಾವ ಹಗೇವಿನೊಳಗೆ ಬಿದ್ದ ಆ ಬೆಳಿಗ್ಗೆಯನ್ನು ಎಲ್ಲಿಂದ ನೆನೆಯಲು ಶುರು ಮಾಡಿದರೂ ನಾನು ಬಂದು ನಿಲ್ಲುವುದು ಟಾರ್ಚಿನ ಹತ್ತಿರವೇ. ಕಾಲೇಜಿನಲ್ಲಿ ಪಾಠ ಮಾಡುತ್ತ ಹಲಗೆಯ ಕಡೆ ತಿರುಗಿದರೆ ಆ ಕಪ್ಪಿನ ನಡುವೆ ಅದರ ಬಿಳಿ ಬೆಳಕು ಕಾಣುತ್ತದೆ. ಕೆ.ಆರ್. ನಗರದಿಂದ ಹುಣಸೂರಿಗೆ ವಾಪಸು ಬರುವ ಬಸ್ಸಿನಲ್ಲಿ ಕಿಟಕಿ ತೆಗೆದು ಕೂರುತ್ತೇನೆ. ಹಿಂದಿನ ಸೀಟಿನವರು ಚಳಿ ಎಂದು ಅದನ್ನು ಎಳೆದು ಮುಚ್ಚಿದರೆ ಎದ್ದು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತೇನೆ. ಸೀಟು ಬಿಟ್ಟು ಯಾಕೆ ನಿಂತಿದ್ದೀರಿ ಮೇಡಂ ಎಂದು ಕಂಡಕ್ಟರ್ ಕೇಳಿದ್ದಾನೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಕಡೆ ಅವರ ಊರು. ಮನೆಯ ಪಕ್ಕದಲ್ಲಿ ಹೊಗೆಸೊಪ್ಪು ಬೇಯಿಸುತ್ತಿದ್ದ ಬ್ಯಾರನ್ ಇದೆ, ಎತ್ತರದ ಗೋಡೆಯ, ಕಿಟಕಿಯೇ ಇಲ್ಲದ ಕಟ್ಟಡ. ಸೌದೆಗಾಗಿ ಅಲೆಯುವುದು ಸಾಕಾಗಿ ಭಾವ ಹೊಗೆಸೊಪ್ಪು ಬಿಟ್ಟರು. ಬ್ಯಾರನ್ ಖಾಲಿ ಬಿತ್ತು. ಅಷ್ಟರಲ್ಲಿ ಅವರಿಗೆ ಮೀನಿನ ತೊಟ್ಟಿಯ ಗೀಳು ಹತ್ತಿತ್ತು. ಮೀನಿನದು ಎನ್ನುವುದಕ್ಕಿಂತ ನೀರೊಳಗಿನ ಗಿಡದ ಗೀಳು. ಮೈಸೂರಿನ ಅಂಗಡಿಯೊಂದರಲ್ಲಿ ಗಾಜಿನ ತೊಟ್ಟಿಯೊಳಗೆ ಕೆಂಪಗೆ ಬೆಳೆದ ಒಂದು ಗಿಡ ನೋಡಿ, ಇದು ನಮ್ಮ ಗದ್ದೆಯಲ್ಲಿ ಕಿತ್ತು ಬದುವಿಗೆ ಎಸೆಯುವ ಕಳೆಯಲ್ಲವೇ ಎಂದು ನಕ್ಕವರು, ಮಾರನೆಯ ದಿನವೇ ನಾಲೆಯ ಪಕ್ಕದ ಗದ್ದೆಗೆ ಇಳಿದು ಒಂದು ಹಿಡಿ ಕಿತ್ತು ತಂದಿದ್ದರು. ವರ್ಷ ಕಳೆಯುವುದರೊಳಗೆ ಬ್ಯಾರನ್ನಿನ ಗೋಡೆಯುದ್ದಕ್ಕೂ ಗಾಜಿನ ತೊಟ್ಟಿಗಳು ಬಂದವು. ಬಿಳಿ ಲೈಟಿನ ಕೆಳಗೆ ಆ ಕಳೆ ನಿಜಕ್ಕೂ ಕೆಂಪಾಯಿತು. ಮೈಸೂರಿನ ಅಂಗಡಿಯವರು ಬಂದು ಕಟ್ಟು ಕಟ್ಟಿಕೊಂಡು ಹೋಗುತ್ತಿದ್ದರು.

ಗಿಡ ಹಾಗೆ ಕೆಂಪಾಗಲು ನೀರೊಳಗೆ ಇಂಗಾಲದ ಡೈಆಕ್ಸೈಡ್ ಬಿಡಬೇಕು. ಭಾವ ಅದನ್ನು ಗ್ಯಾಸು ಎನ್ನುತ್ತಿದ್ದರು. ಅದಕ್ಕೆಂದೇ ಸಿಲಿಂಡರ್ ಸಿಗುತ್ತದೆ, ಆದರೆ ಅದು ಮುಗಿದಾಗಲೆಲ್ಲ ಮೈಸೂರಿಗೆ ಹೊತ್ತುಕೊಂಡು ಹೋಗಬೇಕು. ಅದರ ಬದಲು ಅವರು ಮನೆಯಲ್ಲೇ ಗ್ಯಾಸು ಮಾಡುವುದನ್ನು ಕಲಿತರು. ತಂಪು ಪಾನೀಯದ ದೊಡ್ಡ ಬಾಟಲಿಗೆ ಬೆಲ್ಲದ ನೀರು ತುಂಬಿ, ಬೇಕರಿಯಿಂದ ತಂದ ಈಸ್ಟ್ ಒಂದು ಚಿಟಿಕೆ ಹಾಕಿ, ಮುಚ್ಚಳಕ್ಕೆ ತೂತು ಕೊರೆದು ಗ್ಲೂಕೋಸ್ ಹಾಕುವ ಸಣ್ಣ ಪೈಪು ಸಿಕ್ಕಿಸಿದರೆ ಮುಗಿಯಿತು. ಬೆಲ್ಲದ ನೀರು ಹುಳಿಯುತ್ತ ಗ್ಯಾಸು ಬಿಡುತ್ತದೆ, ಅದು ಪೈಪಿನಲ್ಲಿ ಹೋಗಿ ತೊಟ್ಟಿಯ ತಳದಲ್ಲಿ ಸಣ್ಣ ಸಣ್ಣ ಗುಳ್ಳೆಯಾಗಿ ಏಳುತ್ತದೆ. ನಾನು ಹೋದಾಗಲೆಲ್ಲ ಭಾವ ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸುತ್ತಿದ್ದರು.

“ನೋಡಮ್ಮಿ, ಗಿಡ ಎಂಗೆ ಉಸಿರಾಡ್ತಾ ಐತೆ.”

ಅಕ್ಕ ಬಾಗಿಲಲ್ಲೇ ನಿಂತು, “ನಾನು ಒಲೆ ಮುಂದೆ ಉಸಿರು ಕಟ್ಕೊಂಡು ಕೂತ್ರೂ ತಿರುಗಿ ನೋಡಲ್ಲ, ಕಳೆ ಉಸಿರಾಡ್ತದೆ ಅಂತ ಊರಿಗೆಲ್ಲ ತೋರುಸ್ತಾರೆ” ಎನ್ನುತ್ತಿದ್ದಳು.

ತೊಂದರೆ ಬಂದದ್ದು ಚಳಿಗಾಲದಲ್ಲಿ. ಇಬ್ಬನಿ ಬೀಳಲು ಶುರುವಾದರೆ ಬಾಟಲಿಗಳು ಮಂಕಾಗುತ್ತಿದ್ದವು. ರಾತ್ರಿಯ ಥಂಡಿಗೆ ಬೆಲ್ಲದ ನೀರು ಹುಳಿಯುವುದೇ ನಿಂತು, ಮಧ್ಯಾಹ್ನ ಬಿಸಿಲೇರಿದಾಗ ಒಮ್ಮೆಲೇ ನೊರೆ ಉಕ್ಕಿ ಪೈಪಿನೊಳಗೆ ಬರುತ್ತಿತ್ತು. ಚಳಿಯಿಲ್ಲದ, ಬಿಸಿಲೂ ತಾಗದ ಜಾಗ ಯಾವುದು ಎಂದು ಭಾವ ಹುಡುಕಿದರು. ಅದು ಅವರ ಅಂಗಳದ ಅಡಿಯಲ್ಲೇ ಇತ್ತು.

ಹಗೇವು ನೋಡದವರಿಗೆ ಹೇಳಬೇಕು. ಹಿಂದೆ ರಾಗಿಯನ್ನು ವರ್ಷಗಟ್ಟಲೆ ಕೆಡದಂತೆ ಇಡಲು ಮನೆಯ ಮುಂದೆ ನೆಲದೊಳಗೆ ತೋಡುತ್ತಿದ್ದ ಗುಳಿ ಅದು. ಬಾಯಿ ಒಬ್ಬರು ಇಳಿಯುವಷ್ಟೇ ಅಗಲ, ಒಳಗೆ ಮಡಕೆಯ ಹೊಟ್ಟೆಯ ಹಾಗೆ ಅಗಲವಾಗುತ್ತ ಹೋಗುತ್ತದೆ. ಮೇಲೆ ಚಪ್ಪಡಿ ಎಳೆದು, ಸಂದಿಗೆ ಮಣ್ಣು ಮೆತ್ತಿ ಸಾರಿಸಿಬಿಟ್ಟರೆ ಗಾಳಿಯೂ ಆಡುವುದಿಲ್ಲ. ಭಾವನ ಮನೆಯ ಹಗೇವು ಆಳವಾದದ್ದೇನಲ್ಲ. ಆಳು ಒಳಗೆ ನಿಂತರೆ ತಲೆ ಬಾಯಿಯ ಹತ್ತಿರಕ್ಕೇ ಬರುತ್ತದೆ. ಈ ಮಾತನ್ನು ನಾನು ಬಹಳ ಸಲ ಹೇಳಿಕೊಂಡಿದ್ದೇನೆ. ತಲೆ ಬಾಯಿಯ ಹತ್ತಿರಕ್ಕೇ ಬರುತ್ತದೆ. ನಿಂತೇ ಇದ್ದಿದ್ದರೆ.

ರಾಗಿ ಈಗ ಚೀಲದಲ್ಲಿರುತ್ತದೆ. ಹಗೇವು ಎಷ್ಟೋ ಕಾಲದಿಂದ ಬರಿದಾಗಿತ್ತು. ಭಾವ ಅದರೊಳಗೆ ನೀಲಿ ಡ್ರಮ್ಮೊಂದನ್ನು ಇಳಿಸಿ, ತುಂಬ ಬೆಲ್ಲದ ನೀರು ಮಾಡಿ, ಈಸ್ಟ್ ಹಾಕಿ ಮುಚ್ಚಳ ಬಿಗಿದರು. ಹನಿ ನೀರಾವರಿಯ ಪೈಪನ್ನು ಚಪ್ಪಡಿಯ ಸಂದಿಯಿಂದ ಹೊರಗೆ ತಂದು ಅಂಗಳದ ಅಂಚಿನಲ್ಲಿ ಹೂತು ಬ್ಯಾರನ್ನಿಗೆ ಎಳೆದರು. ಒಳಗೆ ಬೆಚ್ಚಗಿರಲಿ ಎಂದು ಚಪ್ಪಡಿಯ ಸುತ್ತ ಮಣ್ಣು ಮೆತ್ತಿ ಸಗಣಿ ಸಾರಿಸಿದರು. ನನಗೆ ಫೋನು ಮಾಡಿ, “ಇನ್ನು ಬಾಟ್ಲಿ ಕಾಟ ಇಲ್ಲ ಕಣಮ್ಮಿ, ಒಂದೇ ಡ್ರಮ್ಮು, ಎಲ್ಲಾ ತೊಟ್ಟಿಗೂ ಗ್ಯಾಸು” ಎಂದರು. ಆ ದನಿಯಲ್ಲಿದ್ದ ಸಂತೋಷ ನನಗೆ ಈಗಲೂ ಕೇಳುತ್ತದೆ, ಕೇಳಿದಾಗ ಎದ್ದು ಓಡಾಡಬೇಕು ಅನಿಸುತ್ತದೆ.

ನಾನು ರಜೆಗೆ ಹೋದದ್ದು ಅದಾದ ಮೇಲೆ, ರಾಗಿ ಒಕ್ಕಣೆಯ ಕಾಲಕ್ಕೆ. ನಾನು ಹೋದ ಸಂಜೆ ಭಾವ ಎಂದಿನಂತೆ ತೊಟ್ಟಿ ತೋರಿಸಲು ಕರೆಯಲಿಲ್ಲ. ಗುಳ್ಳೆ ನಿಂತುಹೋಗಿದೆ ಎಂದರು. ಬೆಲ್ಲ ಇನ್ನೂ ಮುಗಿದಿರಲಾರದು, ಈಸ್ಟ್ ಸತ್ತಿರಬೇಕು, ಬೆಳಿಗ್ಗೆ ಹಗೇವು ತೆಗೆದು ಡ್ರಮ್ಮು ಅಲ್ಲಾಡಿಸಬೇಕು ಎಂದುಕೊಂಡಿದ್ದರು. ಈಸ್ಟ್ ಸತ್ತಿರಲಿಲ್ಲ. ಡ್ರಮ್ಮಿನ ಮುಚ್ಚಳ ಒಂದು ಕಡೆ ಬಿಟ್ಟುಕೊಂಡಿತ್ತು. ಹುಟ್ಟಿದ ಗ್ಯಾಸೆಲ್ಲ ಪೈಪಿಗೆ ಹೋಗದೆ ಆ ಮುಚ್ಚಿದ ಗುಳಿಯೊಳಗೇ ತುಂಬುತ್ತಿತ್ತು. ಅದು ಗಾಳಿಗಿಂತ ಭಾರ, ತಳದಿಂದ ಮೇಲಕ್ಕೆ ನೀರಿನ ಹಾಗೆ ತುಂಬುತ್ತದೆ. ತೊಟ್ಟಿಯಲ್ಲಿ ಗುಳ್ಳೆ ನಿಂತಿದೆ ಎನ್ನುವುದೇ ನಮಗೆ ಸಿಕ್ಕಿದ್ದ ಮುನ್ಸೂಚನೆ. ಊಟ ಮಾಡುತ್ತ ಎಲ್ಲರೂ ಅದನ್ನು ಕೇಳಿಸಿಕೊಂಡೆವು.

ಬೆಳಿಗ್ಗೆ ಬಿಸಿಲು ಅಂಗಳಕ್ಕೆ ಬಿದ್ದ ಮೇಲೆ ಭಾವ ಹಾರೆ ತಂದು ಮಣ್ಣು ಕೆದಕಿ ಚಪ್ಪಡಿ ಸರಿಸಿದರು. ಅಕ್ಕ ಪಾತ್ರೆ ತೊಳೆಯುತ್ತಿದ್ದಳು. ನಾನು ಕಾಫಿ ಲೋಟ ಹಿಡಿದು ಹತ್ತಿರ ನಿಂತಿದ್ದೆ. ಪಕ್ಕದ ಕಣದಲ್ಲಿ ಭಾವನ ದೊಡ್ಡಪ್ಪನ ಮಗ, ನಾವೆಲ್ಲ ಅಣ್ಣ ಎನ್ನುವವರು, ಕರೆಂಟಿನ ಫ್ಯಾನು ಇಟ್ಟು ರಾಗಿ ತೂರಿಸುತ್ತಿದ್ದರು. ಹೊಟ್ಟು ಹಾರಿ ಬಂದು ನನ್ನ ಕಾಫಿಯಲ್ಲಿ ಬೀಳುತ್ತಿತ್ತು. ಭಾವ ಒಂದು ಕಾಲು ಒಳಗಿಟ್ಟಾಗ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಅಕ್ಕನ ಅತ್ತೆ ಕೂಗಿದರು.

“ದೀಪ ಬುಡ್ದೆ ಇಳೀಬ್ಯಾಡ ಕಣ್ಲಾ. ನಿಮ್ಮ ತಾತ ದೀಪ ಬುಡ್ದೆ ಒಂದಿನಾನೂ ಅಗೇವಿಗೆ ಇಳಿದೋರಲ್ಲ.”

“ಯಾವ ಕಾಲುದ್ ದೀಪ ಕಣವ್ವ” ಎಂದು ಭಾವ ನಕ್ಕರು. ಆದರೆ ತಾಯಿಯ ಮಾತು ತೆಗೆದುಹಾಕಲಿಲ್ಲ. ಒಳಗೆ ಹೋಗಿ ದೊಡ್ಡ ಚಾರ್ಜ್ ಟಾರ್ಚು ತಂದರು. ಆನೆ ಬಂದಾಗ ಹೊಲಕ್ಕೆ ಒಯ್ಯುವ ಟಾರ್ಚು ಅದು. ಅದನ್ನು ಹಗ್ಗಕ್ಕೆ ಕಟ್ಟಿ, ಹತ್ತಿಸಿ, ಮೆಲ್ಲಗೆ ಒಳಗೆ ಇಳಿಬಿಟ್ಟರು. ಹಗ್ಗದ ತುದಿಯನ್ನು ಚಪ್ಪಡಿಗೆ ಸುತ್ತಿದರು. ಅತ್ತೆ ಎದ್ದು ಬಂದು, ಮಂಡಿಯ ಮೇಲೆ ಕೈಯೂರಿ ಬಗ್ಗಿ ನೋಡಿದರು. ನಾನೂ ನೋಡಿದೆ. ಒಳಗೆ ಹಗಲಿನಂತೆ ಬೆಳಕಾಗಿತ್ತು. ಗೋಡೆಯ ಕೆಮ್ಮಣ್ಣು, ನೀಲಿ ಡ್ರಮ್ಮು, ನೆಲಕ್ಕೆ ಸೋರಿದ ಬೆಲ್ಲದ ನೀರಿನ ಕಲೆ, ಎಲ್ಲ ಕಾಣುತ್ತಿತ್ತು.

“ಸಂದಾಗಿ ಉರೀತಾ ಐತೆ. ಇಳಿ ಬುಡು” ಎಂದರು ಅತ್ತೆ.

ಭಾವ ಇಳಿದರು. ಗೋಡೆಯಲ್ಲಿ ಕಾಲಿಡಲು ಕೊರೆದ ಗುಳಿಗಳಿದ್ದವು. ತಳಕ್ಕೆ ಕಾಲು ಊರಿದಾಗ ಅವರ ನೆತ್ತಿ ನನ್ನ ಪಾದಕ್ಕಿಂತ ಸ್ವಲ್ಪವೇ ಕೆಳಗಿತ್ತು. ತಲೆಯೆತ್ತಿ ನಕ್ಕರು.

“ಮುಚ್ಳ ಬುಟ್ಕೊಂಡೈತೆ ಕಣಮ್ಮಿ. ಒಳ್ಗೆ ಎಂಡದಂಗ್ಡಿ ಆಗೋಗೈತೆ, ಏನ್ ವಾಸ್ನೆ.”

“ಕುಡ್ಕೊಂಡು ಅಲ್ಲೇ ಮಲ್ಗೀಯ, ಬಿರ್ನೆ ಬಾ” ಎಂದರು ಅತ್ತೆ.

ಭಾವ ಡ್ರಮ್ಮಿನ ಮುಚ್ಚಳ ಒತ್ತಲು ಬಗ್ಗಿದರು. ಅಷ್ಟೇ. ಮೇಲೇಳಲಿಲ್ಲ. ಕೂಗಲಿಲ್ಲ, ಕೆಮ್ಮಲಿಲ್ಲ. ಡ್ರಮ್ಮನ್ನು ತಬ್ಬಿಕೊಂಡ ಹಾಗೆ ಮಂಡಿಯೂರಿ, ಆಮೇಲೆ ಪಕ್ಕಕ್ಕೆ ಜಾರಿ ಗೋಡೆಗೆ ಒರಗಿದರು. ನಾನು ಭಾವಾ ಎಂದೆ. ಅಕ್ಕ ಒದ್ದೆ ಕೈಯಲ್ಲೇ ಬಂದಳು. ಅವರು ಇಂಥ ಆಟ ಆಡುವವರೇ. ಹಾವು ಕಚ್ಚಿದ ಹಾಗೆ ಬಿದ್ದು ಒಮ್ಮೆ ಅವಳನ್ನು ಅಳಿಸಿದ್ದರು.

“ನಾಟ್ಕ ಸಾಕು, ಏಳಿ ಮ್ಯಾಕೆ. ಕೆಲ್ಸ ಬಿದ್ದೈತೆ ನಂಗೆ.”

ಟಾರ್ಚು ಅವರ ಮುಖದ ಎದುರಿಗೇ ತೂಗುತ್ತಿತ್ತು. ಕಣ್ಣು ಅರ್ಧ ತೆರೆದಿತ್ತು. ಆ ಬೆಳಕು ಅಷ್ಟು ಚೆನ್ನಾಗಿಲ್ಲದಿದ್ದರೆ ನನಗೆ ಇಷ್ಟೆಲ್ಲ ನೆನಪಿರುತ್ತಿರಲಿಲ್ಲವೇನೋ. ಅವರ ತುಟಿಯ ಮೇಲೆ ಅಂಟಿದ್ದ ರಾಗಿ ಹೊಟ್ಟಿನ ಚೂರು ಕೂಡ ಕಾಣುತ್ತಿತ್ತು. ಅದು ಅಲುಗುತ್ತಿದೆಯೇ ಎಂದು ನೋಡಿದೆ. ಅಲುಗಿತು ಅನಿಸಿತು, ಇಲ್ಲ ಅನಿಸಿತು.

ಅಕ್ಕ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಹಗೇವಿನ ಬಾಯಿಗೆ ಕೂತು ಕಾಲು ಇಳಿಬಿಟ್ಟಳು. ಆಗ ನಾನು ಅವಳನ್ನು ಹಿಡಿದೆ.

ಯಾಕೆ ಹಿಡಿದೆ ಎಂದು ಕೇಳಿದರೆ ಪತ್ರಿಕೆಯಲ್ಲಿ ಓದಿದ್ದೆ ಎನ್ನಬಹುದು. ಗುಂಡಿಗೆ ಇಳಿದ ಒಬ್ಬನನ್ನು ಎತ್ತಲು ಇನ್ನೊಬ್ಬ, ಅವನನ್ನು ಎತ್ತಲು ಮತ್ತೊಬ್ಬ ಇಳಿದು ಎಲ್ಲರೂ ಹೋದ ಸುದ್ದಿಯನ್ನು ಯಾರು ಓದಿಲ್ಲ. ಆದರೆ ಆ ಗಳಿಗೆಯಲ್ಲಿ ಅದು ನೆನಪಾಗಿತ್ತು ಎಂದು ಹೇಳಲಾರೆ. ಹಿಂದಿನಿಂದ ಅವಳ ಎರಡೂ ಕಂಕುಳಿಗೆ ಕೈ ಹಾಕಿ, ಎದೆಗೆ ಅವುಚಿಕೊಂಡು ಹಿಂದಕ್ಕೆ ಬಿದ್ದೆ. ಅವಳು ನನ್ನ ಮೇಲೆ ಬಿದ್ದಳು. ಕೊಸರಿದಳು, ಮೊಣಕೈಯಿಂದ ತಿವಿದಳು.

“ಬುಡೇ. ಬುಡೇ ನನ್ನ.”

“ಬಿಡಲ್ಲ. ಇಳಿದ್ರೆ ನೀನೂ ಹೋಗ್ತೀಯ.”

“ಓದ್ರೆ ಓಯ್ತೀನಿ. ಗಂಡ ಕಟ್ಕೊಂಡಿದ್ರೆ ಗೊತ್ತಾಗೋದು ನಿಂಗೆ. ಬುಡೇ.”

ನಾನು ಬಿಡಲಿಲ್ಲ. ಅವಳು ಬಗ್ಗಿ ನನ್ನ ಮುಂಗೈಯನ್ನು ಕಚ್ಚಿದಳು. ಹಲ್ಲು ಇಳಿದದ್ದು ಗೊತ್ತಾಯಿತು, ನೋವು ಗೊತ್ತಾಗಲಿಲ್ಲ. ಚಿಕ್ಕಂದಿನಲ್ಲಿ ಎಚ್.ಡಿ. ಕೋಟೆಯ ನಮ್ಮ ಮನೆಯಲ್ಲಿ ಒಂದೇ ಚಾಪೆಯ ಮೇಲೆ ಮಲಗಿ ಬೆಳೆದವರು ನಾವು. ನನಗೆ ಜ್ವರ ಬಂದಾಗ ಹಣೆಯ ಬಟ್ಟೆ ಬದಲಾಯಿಸುತ್ತಿದ್ದವಳು ಅವಳು. ಅವಳ ಗಂಡ ಕಣ್ಣೆದುರಿಗೆ ಬಿದ್ದಿರುವಾಗ ಅವಳು ಅಲ್ಲಿಗೆ ಹೋಗದಂತೆ ನಾನು ಅವಳ ಹೊಟ್ಟೆಯ ಮೇಲೆ ಕಾಲು ಸುತ್ತಿ ಮಣ್ಣಿನಲ್ಲಿ ಹೊರಳುತ್ತಿದ್ದೆ.

ಅತ್ತೆಯ ಕೂಗಿಗೆ ಅಣ್ಣ ಕಣದಿಂದ ಓಡಿ ಬಂದರು. ಬಂದವರೇ ಬಗ್ಗಿ ನೋಡಿ, ಅಂಗಿ ಬಿಚ್ಚಿ ಎಸೆದು ಇಳಿಯಲು ಕೂತರು.

“ಅಣ್ಣ, ಇಳಿಬೇಡಿ. ಒಳಗೆ ಗಾಳಿ ಇಲ್ಲ.”

“ಗಾಳಿ ಎಂಗಿಲ್ಲ ಅಂತೀಯವ್ವ, ದೀಪ ಉರೀತಾ ಐತಲ್ಲ.”

“ಅದು ಟಾರ್ಚು ಅಣ್ಣ. ಟಾರ್ಚಿಗೆ ಗಾಳಿ ಬೇಕಾ?”

ಅವರು ನನ್ನ ಮುಖ ನೋಡಿದರು. ಆಮೇಲೆ ಒಳಗೆ ನೋಡಿದರು. ಆಮೇಲೆ ಅತ್ತೆಯ ಕಡೆ ನೋಡಿದರು. ಅವರ ಮುಖದಲ್ಲಿ ಅದು ಅರ್ಥವಾದದ್ದನ್ನು ನಾನು ಕಂಡೆ. ದೀಪ ಆರಿದರೆ ಇಳಿಯಬಾರದು ಎಂದು ಆ ಮನೆಯಲ್ಲಿ ತಲೆತಲಾಂತರದಿಂದ ದೀಪ ಬಿಟ್ಟಿದ್ದರು. ಆರಲು ಬಾರದ ದೀಪವನ್ನು ನಾವು ಬಿಟ್ಟಿದ್ದೆವು. ಅದು ಉರಿಯುತ್ತಿದೆ ಎಂದು ನೋಡಿ, ಇಳಿ ಎಂದಿದ್ದೆವು.

ಅಣ್ಣ ಎದ್ದು ಕಣದ ಕಡೆ ತಿರುಗಿ ಗಂಟಲು ಹರಿಯುವ ಹಾಗೆ ಕೂಗಿದರು. “ಫ್ಯಾನ್ ತತ್ತರ್ರಲಾ. ವೈರ್ ಸಮೇತ ಎತ್ಕೊಂಡು ಬರ್ರಲಾ.”

ರಾಗಿ ತೂರಿಸುತ್ತಿದ್ದ ಇಬ್ಬರು ಆ ದೊಡ್ಡ ಫ್ಯಾನನ್ನು ಹೊತ್ತು ತಂದರು. ವೈರು ಸಾಲದೆ ಬೇಲಿಯ ಹತ್ತಿರ ಜಗ್ಗಿ ನಿಂತಿತು. ಯಾರೋ ಬ್ಯಾರನ್ನಿಗೆ ನುಗ್ಗಿ ತೊಟ್ಟಿಯ ಲೈಟುಗಳ ವೈರನ್ನು ಕಿತ್ತು ತಂದು ಜೋಡಿಸಿದರು. ಅಷ್ಟು ಹೊತ್ತೂ ನಾನು ಅಕ್ಕನನ್ನು ಬಿಟ್ಟಿರಲಿಲ್ಲ. ಅವಳು ಕೊಸರುವುದನ್ನು ನಿಲ್ಲಿಸಿ ಒಂದೇ ಸಮನೆ ಅವರ ಹೆಸರು ಹಿಡಿದು ಕರೆಯುತ್ತಿದ್ದಳು. ಮದುವೆಯಾದ ಮೇಲೆ ಅವಳ ಬಾಯಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಫ್ಯಾನನ್ನು ಹಗೇವಿನ ಬಾಯಿಗೆ ಓರೆಯಾಗಿ ಹಿಡಿದು ಬಿಟ್ಟಾಗ ಅಂಗಳದ ಧೂಳು, ಹೊಟ್ಟು, ಕಸ ಎಲ್ಲ ಒಳಗೆ ಸುರಿದು, ಸುತ್ತಿ, ಮತ್ತೆ ಮೇಲೆ ಬಂತು. ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಅಣ್ಣ ಸೊಂಟಕ್ಕೆ ಹಗ್ಗ ಬಿಗಿಸಿಕೊಂಡು, ತುದಿಯನ್ನು ಆ ಇಬ್ಬರ ಕೈಗೆ ಕೊಟ್ಟು, ಉಸಿರು ಎಳೆದು ಹಿಡಿದು ಇಳಿದರು. ಭಾವನ ಕಂಕುಳಿಗೆ ಇನ್ನೊಂದು ಹಗ್ಗ ಸುತ್ತಿ ಗಂಟು ಹಾಕಿ, ಉಸಿರು ಬಿಡದೆ ಮೇಲೆ ಬಂದು ಅಂಗಳದಲ್ಲಿ ಬಿದ್ದರು. ಎಲ್ಲರೂ ಎಳೆದರು. ಆಗ ನಾನು ಅಕ್ಕನನ್ನು ಬಿಟ್ಟೆ. ಅವಳೂ ಹಗ್ಗ ಹಿಡಿದಳು.

ಭಾವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಬಿಸಿಲಿನಲ್ಲಿ ಅಂಗಾತ ಮಲಗಿಸಿದರು. ಕಾಲೇಜಿನಲ್ಲಿ ಒಮ್ಮೆ ತೋರಿಸಿಕೊಟ್ಟಿದ್ದನ್ನು ನೆನೆದು ನಾನು ಎದೆ ಒತ್ತಿದೆ. ಸರಿಯಾಗಿ ಒತ್ತಿದೆನೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಎಷ್ಟು ಹೊತ್ತು ಎಂದೂ ಗೊತ್ತಿಲ್ಲ. ಗಂಟಲಿನಲ್ಲಿ ಗೊರ್ ಎಂಬ ಸದ್ದು ಬಂತು, ವಾಂತಿಯಾಯಿತು, ಆಮೇಲೆ ಮುರಿದು ಮುರಿದು ಉಸಿರು ಬಂತು. ಅಣ್ಣನ ಓಮ್ನಿಯಲ್ಲಿ ಪಿರಿಯಾಪಟ್ಟಣಕ್ಕೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಮೈಸೂರಿಗೆ. ದಾರಿಯುದ್ದಕ್ಕೂ ಅಕ್ಕ ಅವರ ಮೂಗಿನ ಹತ್ತಿರ ಬೆರಳು ಹಿಡಿದು ಕೂತಿದ್ದಳು. ನನ್ನ ಕಡೆ ನೋಡಲಿಲ್ಲ.

ಭಾವ ಉಳಿದರು. ಇನ್ನೂ ಸ್ವಲ್ಪ ತಡವಾಗಿದ್ದರೆ ಎಂದು ಡಾಕ್ಟರು ಹೇಳಿ ಅಲ್ಲಿಗೇ ನಿಲ್ಲಿಸಿದರು. ಕೆಲವು ದಿನ ಮಾತು ತೊದಲಿತು, ಆಮೇಲೆ ಅದೂ ಸರಿಹೋಯಿತು. ಅವರಿಗೆ ಬಗ್ಗಿದ ತನಕ ಮಾತ್ರ ನೆನಪು. ಎಂಡದ ವಾಸ್ನೆ ಬಂತು, ಆಮ್ಯಾಕೆ ಆಸ್ಪತ್ರೆ ಎನ್ನುತ್ತಾರೆ, ನಡುವೆ ಏನೂ ಆಗೇ ಇಲ್ಲ ಎಂಬಂತೆ. ಆ ನಡುವಿನದೆಲ್ಲ ನಮ್ಮ ಪಾಲಿಗೆ ಬಂದಿದೆ.

ಅತ್ತೆಯ ಪಾಲು ಹೆಚ್ಚು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅವರು ನನಗೆ ಹೇಳಿದರು. “ದೀಪ ಯಾಕ್ ಬುಡ್ತಿದ್ರು ಅಂತ ನಂಗ್ಯಾರೂ ಯೋಳ್ಲಿಲ್ಲ ಕಣವ್ವ. ಉಳಾ ಉಪ್ಪಟೆ ಇದ್ದಾತು, ನೋಡಾಕೆ ಅನ್ಕಂಡಿದ್ದೆ. ಇಳಿ ಅಂದೋಳು ನಾನೇ ಅಲ್ವಾ.” ನಾನು ಅವರ ಪಕ್ಕ ಕೂತೆ. ಆಮೇಲೆ ಯಾರಿಗೂ ಹೇಳದೆ ಅವರೇ ಆಳು ಹಿಡಿದು ಹಗೇವಿಗೆ ಮಣ್ಣು ತುಂಬಿಸಿದರು. ಅಂಗಳ ಈಗ ಸಮವಾಗಿದೆ. ಆದರೂ ಆ ಮನೆಯವರು ಯಾರೂ ಅಲ್ಲಿ ಕಾಲಿಡುವುದಿಲ್ಲ, ಬಳಸಿಕೊಂಡು ಹೋಗುತ್ತಾರೆ.

ತೊಟ್ಟಿಗಳು ಹಾಗೇ ಇವೆ. ಬ್ಯಾರನ್ನಿನ ಗೋಡೆ ಒಡೆದು ಎರಡು ಕಿಟಕಿ ಇಡಿಸಿದ್ದಾರೆ. ಗ್ಯಾಸು ಬೇಡದ ಗಿಡಗಳನ್ನು ಮಾತ್ರ ಬೆಳೆಯುತ್ತೇನೆ ಎಂದಿದ್ದ ಭಾವ, ಬೇಸಿಗೆ ಬಂದ ಮೇಲೆ ಮೆಲ್ಲಗೆ ಎರಡು ಬಾಟಲಿಗೆ ಬೆಲ್ಲದ ನೀರು ತುಂಬಿ ಹೊರಗಿನ ಗೋಡೆಯ ಮೇಲೆ, ಬಯಲಲ್ಲಿ ಇಟ್ಟಿದ್ದಾರೆ. ಬಯಲಲ್ಲಿ ಎರಡು ಬಾಟಲಿಯಿಂದ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತು. ಆದರೂ ಹೋದ ಸಲ ಹೋದಾಗ ಅವುಗಳ ಮುಂದೆ ಹಾದು ಹೋಗುವಾಗ ನಾನು ಉಸಿರು ಬಿಗಿಹಿಡಿದಿದ್ದೆ.

ಅವತ್ತು ಮಧ್ಯಾಹ್ನ ಊಟಕ್ಕೆ ನಾನು, ಅಕ್ಕ ಇಬ್ಬರೇ. ಭಾವ ಪಡಸಾಲೆಯಲ್ಲಿ ಮಲಗಿದ್ದರು. ಅವರ ಗೊರಕೆ ಕೇಳುತ್ತಿತ್ತು. ಅದು ನಿಂತಾಗಲೆಲ್ಲ ಅಕ್ಕ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, ಮತ್ತೆ ಶುರುವಾದ ಮೇಲೆ ಬಾಯಿಗಿಡುತ್ತಿದ್ದಳು. ನಾನೂ ಹಾಗೇ ಮಾಡುತ್ತಿದ್ದೆ ಎಂದು ಸ್ವಲ್ಪ ಹೊತ್ತಾದ ಮೇಲೆ ತಿಳಿಯಿತು. ಸಾರು ಬಡಿಸಲು ಬಗ್ಗಿದಾಗ ಅವಳಿಗೆ ನನ್ನ ಮುಂಗೈ ಕಂಡಿತು. ಹಲ್ಲಿನ ಗುರುತು ಇನ್ನೂ ಇದೆ. ಆ ವಿಷಯ ನಾವಿಬ್ಬರೂ ಅಲ್ಲಿಯ ತನಕ ಎತ್ತಿರಲಿಲ್ಲ.

“ನೀನು ಬುಟ್ಟಿದ್ರೆ ನಾನು ಸತ್ತೇ ಓಗ್ತಿದ್ದೆ. ಗೊತ್ತು ನಂಗೆ” ಎಂದಳು.

ನಾನು ತಟ್ಟೆಯನ್ನು ಅವಳ ಕಡೆ ಸರಿಸಿದೆ.

“ಆದ್ರೂ ಇನ್ನೊಂದ್ಸಲ ಅಂಗೇನಾರ ಆದ್ರೆ, ನನ್ನ ಇಡ್ಕೋಬ್ಯಾಡ ಕಣೇ.”

ಅವಳು ಸಿಟ್ಟಿನಲ್ಲಿ ಹೇಳಲಿಲ್ಲ. ಇನ್ನೊಂದು ಮುದ್ದೆ ಬೇಕಾ ಎಂದು ಕೇಳುವ ದನಿಯಲ್ಲೇ ಹೇಳಿದಳು. ಆಗಲಿ ಎಂದುಬಿಟ್ಟಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು.

“ಹಿಡ್ಕೋತೀನಿ” ಎಂದೆ.

ಅವಳು ನನ್ನನ್ನು ನೋಡಿದಳು. ಪಡಸಾಲೆಯಲ್ಲಿ ಗೊರಕೆ ನಿಂತಿತು. ಇಬ್ಬರೂ ಕೈ ನಿಲ್ಲಿಸಿ ಕಾದೆವು.